ಒಲೆ ಆರಿಸಿದ ಮೇಲೆ ನಮ್ಮ ಆರೈಕೆ



ನಮ್ಮ ವೃತ್ತಿಯಲ್ಲಿ ಒಲೆ ಹಚ್ಚುವುದಕ್ಕೆ ಒಂದು ಕ್ರಮವಿದೆ. ಕಲ್ಯಾಣ ಮಂಟಪದ ಹಿಂದಿನ ಶೆಡ್ ಇರಲಿ, ಹೌಸಿಂಗ್ ಸೊಸೈಟಿಯ ಟೆರೇಸ್ ಇರಲಿ, ಮುಖ್ಯ ಭಟ್ಟರು ಮೊದಲು ಒಲೆಗೆ ಅರಸಿನ ಕುಂಕುಮ ಹಚ್ಚುತ್ತಾರೆ. ಗಣಪತಿಗೆಂದು ಒಂದು ತೆಂಗಿನಕಾಯಿ ಇಟ್ಟು, ಕರ್ಪೂರ ಬೆಳಗಿ, ಕೈ ಮುಗಿದು, ಆಮೇಲೆಯೇ ಬೆಂಕಿಕಡ್ಡಿ ಗೀರುವುದು. ಎಷ್ಟೇ ಗಡಿಬಿಡಿ ಇದ್ದರೂ ಇದನ್ನು ಯಾರೂ ಬಿಡುವುದಿಲ್ಲ. ಆ ಎರಡು ನಿಮಿಷದಲ್ಲಿ ಬಡಿಸುವ ಹುಡುಗನಿಂದ ಹಿಡಿದು ಮಾಲೀಕರವರೆಗೆ ಎಲ್ಲರ ಮನಸ್ಸೂ ಒಂದು ಕಡೆ ನಿಲ್ಲುತ್ತದೆ.

ಒಲೆ ಆರಿಸುವುದಕ್ಕೆ ಮಾತ್ರ ಇಂಥ ಯಾವ ಕ್ರಮವೂ ನಮ್ಮಲ್ಲಿಲ್ಲ. ಕೊನೆಯ ಪಂಕ್ತಿ ಏಳುವ ಮೊದಲೇ ಮಂಟಪದ ಮ್ಯಾನೇಜರ್ ಒಂದೊಂದಾಗಿ ಫ್ಯಾನು, ದೀಪ ಆರಿಸಲು ಶುರು ಮಾಡುತ್ತಾನೆ. ಹೊರಗೆ ಟೆಂಪೋದವನ ಹಾರ್ನ್. ಪಾತ್ರೆ ಲೆಕ್ಕದಲ್ಲಿ ಎರಡು ಸೌಟು ಕಡಿಮೆ. ಎಲೆ ಲೆಕ್ಕದ ಬಗ್ಗೆ ಪಾರ್ಟಿಯವರ ಸೋದರಮಾವನ ಜೊತೆ ಒಂದು ಸುತ್ತು ಮಾತು. ಇದೆಲ್ಲ ಮುಗಿದು ಮನೆ ಸೇರುವಾಗ ರಾತ್ರಿ ಒಂದು ಗಂಟೆ. ಮರುದಿನ ಇನ್ನೊಂದು ಮುಹೂರ್ತವಿದ್ದರೆ ಮೂರೂವರೆಗೆ ಮತ್ತೆ ಎದ್ದು ಡಿಕಾಕ್ಷನ್ ಇಳಿಸಬೇಕು. ನಡುವೆ ಮಲಗಿದ್ದೆವೋ ಇಲ್ಲವೋ ಎಂಬುದು ಹೆಂಡತಿಗೆ ಮಾತ್ರ ಗೊತ್ತು.

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದಿಲ್ಲಿ, ಎಲ್ಲ ಕಡೆಯ ನಮ್ಮವರ ಕಥೆ ಹೆಚ್ಚು ಕಡಿಮೆ ಇದೇ. ಸಾವಿರ ಜನಕ್ಕೆ ಹೊಟ್ಟೆ ತುಂಬ ಬಡಿಸಿದವನು ತಾನು ನಿಂತುಕೊಂಡೇ ಎರಡು ತುತ್ತು ಬಾಯಿಗೆ ಹಾಕಿಕೊಂಡಿರುತ್ತಾನೆ. ಐವತ್ತು ದಾಟುವ ಹೊತ್ತಿಗೆ ಮೊಣಕಾಲು, ಸಕ್ಕರೆ, ಬಿ.ಪಿ., ಮೂತ್ರದ ಕಲ್ಲು ಇವುಗಳಲ್ಲಿ ಒಂದಾದರೂ ಜೊತೆಗೂಡಿರುತ್ತದೆ. ಒಲೆ ಆರಿಸಿದ ಮೇಲಿನ ಹೊತ್ತಿಗೂ ಒಂದು ಕ್ರಮ ಹಾಕಿಕೊಳ್ಳುವುದು ಹೇಗೆ ಎಂಬುದೇ ಈ ಲೇಖನದ ವಿಷಯ. ಇದರಲ್ಲಿ ಹೆಚ್ಚಿನವು ನಮ್ಮ ಅಜ್ಜಿಯಂದಿರು ಹೇಳಿದ್ದೇ. ಕೆಲವಕ್ಕೆ ಡಾಕ್ಟರರ ಮಾತಿನ ಬೆಂಬಲವಿದೆ, ಕೆಲವನ್ನು ಸ್ವಲ್ಪ ತಿದ್ದಿಕೊಳ್ಳಬೇಕು. ದೊಡ್ಡ ಹೋಟೆಲಿನಲ್ಲಿ ನಡೆಸುವ ಸ್ಟ್ರೆಸ್ ಮ್ಯಾನೇಜ್‌ಮೆಂಟ್ ಶಿಬಿರಕ್ಕೆ ದುಡ್ಡು ಕಟ್ಟಿ ಹೋಗಬೇಕಾಗಿಲ್ಲ. ಅಲ್ಲಿ ಊಟದ ಕಾಂಟ್ರಾಕ್ಟ್ ಸಿಕ್ಕಿದರೆ ಖಂಡಿತ ಹೋಗಿ.

ಕೊನೆಯ ಒಲೆಯಲ್ಲಿ ಗಂಜಿ

ಇಡೀ ದಿನ ಒಗ್ಗರಣೆಯ ಹೊಗೆ, ಕರಿದ ಎಣ್ಣೆಯ ವಾಸನೆಯಲ್ಲಿ ನಿಂತವನಿಗೆ ಹಸಿವು ಗೊತ್ತಾಗುವುದಿಲ್ಲ. ಮೂಗಿನಲ್ಲೇ ಹೊಟ್ಟೆ ತುಂಬಿರುತ್ತದೆ. ಹಾಗಾಗಿ ನಮ್ಮ ಹುಡುಗರು ರಾತ್ರಿ ಉಳಿದ ಎರಡು ಜಿಲೇಬಿ, ನಾಲ್ಕು ಬೋಂಡ ತಿಂದು, ಮೇಲೆ ಒಂದು ಲೋಟ ಚಹಾ ಕುಡಿದು ಮಲಗುತ್ತಾರೆ. ಬೆಳಿಗ್ಗೆ ಹುಳಿತೇಗು, ಎದೆಯುರಿ. ಅದಕ್ಕೆ ಒಂದು ಮಾತ್ರೆ. ಈ ಮಾತ್ರೆ ಈಗ ನಮ್ಮ ದಿನಸಿ ಪಟ್ಟಿಯಲ್ಲೇ ಸೇರಿಹೋಗಿದೆ.

ಹಿಂದೆ ದಕ್ಷಿಣ ಕನ್ನಡ, ಉಡುಪಿ ಕಡೆಯ ಅಡುಗೆಯವರಲ್ಲಿ ಒಂದು ಅಭ್ಯಾಸವಿತ್ತು. ಕೊನೆಯ ಪಂಕ್ತಿಗೆ ಪಾಯಸ ಹೋದ ಕೂಡಲೇ ಖಾಲಿಯಾದ ಒಲೆಯ ಮೇಲೆ ಕುಚ್ಚಲಕ್ಕಿ ಗಂಜಿಗೆ ನೀರಿಡುವುದು. ಪಾತ್ರೆ ತೊಳೆದು, ನೆಲ ಗುಡಿಸಿ ಮುಗಿಯುವಷ್ಟರಲ್ಲಿ ಗಂಜಿ ಬೆಂದಿರುತ್ತಿತ್ತು. ಹತ್ತು ಜನರ ತಂಡಕ್ಕೆ ಒಂದು ಕಿಲೋ ಅಕ್ಕಿ, ಎಂಟು ಲೀಟರ್ ನೀರು ಸಾಕು. ಅಕ್ಕಿಯನ್ನು ಸಂಜೆಯೇ ನೆನೆಹಾಕಿಟ್ಟರೆ ಗ್ಯಾಸೂ ಉಳಿಯುತ್ತದೆ. ನಂಜಿಕೊಳ್ಳಲು ಮಿಡಿ ಉಪ್ಪಿನಕಾಯಿ, ಇಲ್ಲವೇ ಹುರುಳಿ ಚಟ್ನಿ. ಉತ್ತರ ಕರ್ನಾಟಕದ ಮೂಲದ ಸದಸ್ಯರು ಇದರ ಜಾಗದಲ್ಲಿ ಜೋಳದ ನುಚ್ಚು, ಮಜ್ಜಿಗೆ ಮಾಡಿಕೊಳ್ಳಬಹುದು. ಮೈಸೂರು, ಮಂಡ್ಯದವರಿಗೆ ರಾಗಿ ಅಂಬಲಿ ಇದ್ದೇ ಇದೆ. ಬೆಚ್ಚಗಿರಬೇಕು, ತೆಳ್ಳಗಿರಬೇಕು, ಉಪ್ಪು ಇರಬೇಕು, ಎಣ್ಣೆ ಇರಬಾರದು. ಬೆವರಿನಲ್ಲಿ ಹೋದ ನೀರು ಮತ್ತು ಉಪ್ಪು ಎರಡೂ ಇದರಿಂದ ಮರಳುತ್ತವೆ, ಹೊಟ್ಟೆಗೂ ಭಾರವಾಗುವುದಿಲ್ಲ.

ಆದರೆ ಗಂಜಿಗಿಂತ ಮುಖ್ಯವಾದದ್ದು ಕೂತು ಉಣ್ಣುವುದು. ತಂಡದವರೆಲ್ಲ ಒಂದೇ ಸಾಲಿನಲ್ಲಿ ಕೂರಬೇಕು. ಅಂದು ಸೌಟು ಮಾಲೀಕರ ಕೈಯಲ್ಲಿರಬೇಕು, ಅಂದರೆ ಬಡಿಸುವುದು ಮಾಲೀಕರೇ. ಬೆಳಿಗ್ಗೆಯಿಂದ ಗದರಿಸಿಕೊಂಡ ಹುಡುಗನ ಬಟ್ಟಲಿಗೆ ಮಾಲೀಕರು ಬಗ್ಗಿ ಎರಡನೇ ಸಲ ಗಂಜಿ ಹಾಕಿದರೆ ಆ ದಿನದ ಬೇಸರ ಅಲ್ಲೇ ಮುಗಿಯುತ್ತದೆ. ಮೊದಲ ತಿಂಗಳು ಇದಕ್ಕೆ ಯಾರೂ ಕೂರುವುದಿಲ್ಲ. "ಸಾರ್, ಟೆಂಪೋ ಕಾಯ್ತಾ ಇದೆ" ಎನ್ನುತ್ತಾರೆ. ಟೆಂಪೋದವನನ್ನೂ ಕರೆದು ಕೂರಿಸಿ. ಅವನೂ ಬೆಳಗಿನಿಂದ ಸರಿಯಾಗಿ ತಿಂದಿರುವುದಿಲ್ಲ. ನಮ್ಮ ಪಾತ್ರೆ, ನಮ್ಮ ಹುಡುಗರು ಎಲ್ಲ ಅವನ ಕಣ್ಣಿನ ಎಚ್ಚರದ ಮೇಲೆಯೇ ಮನೆ ಸೇರಬೇಕು. ಹಿಂದಿನ ರಾತ್ರಿಯೂ ನಿದ್ದೆಗೆಟ್ಟ ಚಾಲಕನಿಗೆ ಮಧ್ಯರಾತ್ರಿ ಸ್ಟಿಯರಿಂಗ್ ಕೊಡಬೇಡಿ. ಬಾಡಿಗೆಯ ವಿಚಾರದಲ್ಲಿ ನೂರು ರೂಪಾಯಿಗೆ ಚೌಕಾಶಿ ಮಾಡುವ ನಾವು ಈ ಒಂದು ಪ್ರಶ್ನೆ ಕೇಳುವುದನ್ನು ಮರೆಯುತ್ತೇವೆ.

ನೀರಿನ ಲೆಕ್ಕ

ಏಪ್ರಿಲ್, ಮೇ ಮುಹೂರ್ತಗಳಲ್ಲಿ ನಮ್ಮ ಅಡುಗೆ ಶೆಡ್ ಎಂದರೆ ತಗಡಿನ ಮಾಡು, ಐದಾರು ಬರ್ನರ್, ಗಾಳಿ ಬಂದರೆ ಉರಿ ಆರುತ್ತದೆಂದು ಸುತ್ತ ಕಟ್ಟಿದ ಟಾರ್ಪಾಲು. ಚೆನ್ನೈ, ಮುಂಬಯಿಯ ಸೆಕೆಯಲ್ಲಿ ಬೆವರು ಆರುವುದೇ ಇಲ್ಲ. ಬೆವರು ಆರಿದರೆ ತಾನೇ ಮೈ ತಣಿಯುವುದು? ಹೈದರಾಬಾದ್, ದಿಲ್ಲಿಯ ಒಣ ಬಿಸಿಯಲ್ಲಿ ಬೆವರು ಬಂದದ್ದೇ ಗೊತ್ತಾಗುವುದಿಲ್ಲ. ಎರಡೂ ಕಡೆ ಅಪಾಯ ಒಂದೇ. ಬಾಯಾರಿಕೆ ಆದ ಮೇಲೆ ಕುಡಿಯೋಣ ಎಂದರೆ ತಡವಾಯಿತು ಎಂದೇ ಲೆಕ್ಕ. ಮೂತ್ರದ ಬಣ್ಣ ಗಾಢ ಹಳದಿಯಾದರೆ ದೇಹ ಆಗಲೇ ಸಾಲ ಮಾಡಿದೆ ಎಂದರ್ಥ. ಹೀಗೆ ವರ್ಷಗಟ್ಟಲೆ ನೀರು ಕಡಿಮೆ ಮಾಡಿದವರಿಗೇ ಮೂತ್ರಕೋಶದ ಕಲ್ಲು ಬೇಗ ಕಾಣಿಸಿಕೊಳ್ಳುವುದು. ಮಂಟಪದ ಶೌಚಾಲಯ ದೂರವಿದೆಯೆಂದು ನೀರು ಕುಡಿಯದೆ ಇರುವ ಹೆಣ್ಣುಮಕ್ಕಳು ನಮ್ಮ ತಂಡಗಳಲ್ಲಿ ಬಹಳ ಮಂದಿ ಇದ್ದಾರೆ. ಬುಕಿಂಗ್ ಸಮಯದಲ್ಲೇ ಕೆಲಸದವರಿಗೆ ಶೌಚಾಲಯ ಎಲ್ಲಿದೆ ಎಂದು ಕೇಳಿಟ್ಟುಕೊಳ್ಳುವುದು ಮಾಲೀಕರ ಕೆಲಸ.

ನೀರುಮಜ್ಜಿಗೆ ನಮ್ಮ ಕೈಯಲ್ಲೇ ಇದೆ. ಬೆಳಿಗ್ಗೆ ಮೊಸರು ಬಂದ ಕೂಡಲೇ ಒಂದು ಕೊಡ ಮಜ್ಜಿಗೆ ತಂಡಕ್ಕೆಂದು ಬೇರೆ ತೆಗೆದಿಡಿ. ಶುಂಠಿ, ಕರಿಬೇವು, ಉಪ್ಪು ಹಾಕಿ. ಕರಾವಳಿಯವರು ಪುನರ್ಪುಳಿ ಸಾರು ಮಾಡಿಟ್ಟುಕೊಳ್ಳಬಹುದು. ಯಾರಿಗಾದರೂ ತಲೆಸುತ್ತು, ಕಾಲಿನ ಸೆಳೆತ ಶುರುವಾದರೆ ಓ.ಆರ್.ಎಸ್. ಪೊಟ್ಟಣ ಒಡೆಯಿರಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಚಮಚವನ್ನು ಗೋಪುರದ ಹಾಗೆ ತುಂಬಬೇಡಿ, ಮಟ್ಟಸವಾಗಿರಲಿ. ನಾವು ಕೈಯಳತೆಯ ಜನ. ಆದರೆ ಇದೊಂದಕ್ಕೆ ಕೈಯಳತೆ ಬೇಡ. ಉಪ್ಪು ಹೆಚ್ಚಾದರೆ ಉಪಕಾರಕ್ಕಿಂತ ಅಪಕಾರವೇ ಜಾಸ್ತಿ. ಬಿ.ಪಿ., ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇರುವವರು ಎಷ್ಟು ನೀರು, ಎಷ್ಟು ಉಪ್ಪು ಎಂಬುದನ್ನು ತಮ್ಮ ಡಾಕ್ಟರರಲ್ಲಿ ಮೊದಲೇ ಕೇಳಿಟ್ಟುಕೊಳ್ಳಲಿ.

ಇನ್ನೊಂದು ಮಾತು. ಬಿಸಿಲಿನ ದಿನ ಒಬ್ಬ ಹುಡುಗ ಅಸಂಬದ್ಧ ಮಾತಾಡತೊಡಗಿದರೆ, ದಾರಿ ತಪ್ಪಿದವನಂತೆ ನಡೆದರೆ, ಮೈ ಕೆಂಡದಂತಿದ್ದರೆ ಅದು ದಣಿವಲ್ಲ, ಶಾಖಾಘಾತ. ಮೈಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ನೆರಳಿಗೆ ಎಳೆದು, ಮೈಮೇಲೆ ನೀರು ಸುರಿದು, ಗಾಳಿ ಹಾಕುತ್ತಾ ಆಸ್ಪತ್ರೆಗೆ ಒಯ್ಯಬೇಕು. ಪ್ರಜ್ಞೆ ತಪ್ಪಿದವನ ಬಾಯಿಗೆ ನೀರು ಹಾಕಬಾರದು. ಪಂಕ್ತಿ ಅರ್ಧ ಗಂಟೆ ತಡವಾದರೆ ಆಗಲಿ.

ಸುಟ್ಟ ಗಾಯಕ್ಕೂ ನಮ್ಮಲ್ಲಿ ನೂರು ಮದ್ದು. ಟೂತ್‌ಪೇಸ್ಟ್, ಕಾಫಿ ಪುಡಿ, ತುಪ್ಪ, ಇಡ್ಲಿ ಹಿಟ್ಟು. ಇವು ಯಾವುವೂ ಬೇಡ, ಐಸೂ ಬೇಡ. ಉಂಗುರ, ದಾರ ಬಿಚ್ಚಿ ನಳದ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಇಪ್ಪತ್ತು ನಿಮಿಷ ಎಂದರೆ ನಮ್ಮ ಲೆಕ್ಕದಲ್ಲಿ ಒಂದು ಯುಗ. ಆದರೂ ಹಿಡಿಯಬೇಕು. ಬೊಬ್ಬೆ ದೊಡ್ಡದಾಗಿದ್ದರೆ, ಮುಖಕ್ಕೆ ಸಿಡಿದಿದ್ದರೆ ಡಾಕ್ಟರರ ಬಳಿಗೆ.

ಕಾಲಿಗೆ ನೀರು, ತಲೆಗೆ ಎಣ್ಣೆ

ಹದಿನಾರು ಗಂಟೆ ನಿಂತ ಕಾಲಿನ ಮಾತು ಬೇರೆಯೇ. ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುವುದು ಮೀನಖಂಡದ ಸ್ನಾಯು. ನಡೆದರೆ ಅದು ಪಂಪಿನ ಹಾಗೆ ಕೆಲಸ ಮಾಡುತ್ತದೆ, ನಿಂತಲ್ಲೇ ನಿಂತರೆ ಪಂಪ್ ಬಂದ್. ರಕ್ತ ಕೆಳಗೇ ನಿಂತು ನರಗಳು ಉಬ್ಬಿ ಹಸಿರು ಬಳ್ಳಿಯಂತೆ ಕಾಣುತ್ತವೆ. ದೋಸೆ ಕೌಂಟರಿನಲ್ಲಿ ನಿಲ್ಲುವವರ ಕಾಲು ನೋಡಿದರೆ ಇದು ಗೊತ್ತಾಗುತ್ತದೆ. ಕೆಲಸದ ನಡುವೆ ಗಂಟೆಗೊಮ್ಮೆ ಹಿಮ್ಮಡಿ ಎತ್ತಿ ಇಳಿಸುವುದನ್ನು ಇಪ್ಪತ್ತು ಸಲ ಮಾಡಿ. ಸೌಟು ಕೈಯಲ್ಲಿದ್ದೇ ಮಾಡಬಹುದು. ರಾತ್ರಿ ಮನೆಗೆ ಬಂದು ಗೋಡೆಗೆ ಕಾಲು ಏರಿಸಿ ಕಾಲು ಗಂಟೆ ಅಂಗಾತ ಮಲಗಿ. ಮಕ್ಕಳು ನಕ್ಕರೆ ನಗಲಿ.

ಅದಕ್ಕೆ ಮೊದಲು ಒಂದು ಬಕೆಟ್ ಉಗುರುಬೆಚ್ಚಗಿನ ನೀರಿಗೆ ಒಂದು ಹಿಡಿ ಕಲ್ಲುಪ್ಪು ಹಾಕಿ ಹತ್ತು ನಿಮಿಷ ಪಾದ ಇಳಿಬಿಟ್ಟು ಕೂರುವುದು ಒಳ್ಳೆಯದು. ಉಪ್ಪೇನೂ ಪವಾಡ ಮಾಡುವುದಿಲ್ಲ. ಬೆಚ್ಚಗಿನ ನೀರು ಮತ್ತು ಸುಮ್ಮನೆ ಕೂತ ಹತ್ತು ನಿಮಿಷ, ಮದ್ದು ಇಷ್ಟೇ. ಆದರೆ ಸಕ್ಕರೆ ಕಾಯಿಲೆ ಇರುವವರು ಜಾಗ್ರತೆ. ಪಾದದ ಸ್ಪರ್ಶ ಕಡಿಮೆಯಾಗಿರುವುದರಿಂದ ನೀರು ಸುಡುತ್ತಿದ್ದರೂ ಗೊತ್ತಾಗುವುದಿಲ್ಲ, ಸಣ್ಣ ಬೊಬ್ಬೆ ದೊಡ್ಡ ಹುಣ್ಣಾಗುತ್ತದೆ. ಅವರು ಪಾದ ನೆನೆಸುವುದನ್ನು ಬಿಟ್ಟು, ತೊಳೆದು, ಬೆರಳ ಸಂದಿ ಒರೆಸಿ, ಅಂಗಾಲಿನಲ್ಲಿ ಗಾಯವಿದೆಯೇ ಎಂದು ದಿನವೂ ನೋಡಿಕೊಳ್ಳಲಿ. ಬಗ್ಗಲು ಆಗದವರು ನೆಲದ ಮೇಲೆ ಕನ್ನಡಿ ಇಟ್ಟುಕೊಳ್ಳಬಹುದು.

ಎಣ್ಣೆ ಸ್ನಾನ ಈಗ ದೀಪಾವಳಿಯ ನರಕ ಚತುರ್ದಶಿಗೆ ಮಾತ್ರ ಉಳಿದಿದೆ. ಚೆನ್ನೈಯ ನಮ್ಮ ಸದಸ್ಯರಿಗೆ ಅಲ್ಲಿನ ಶನಿವಾರದ ಎಣ್ಣೆ ಸ್ನಾನದ ರೂಢಿ ಗೊತ್ತಿರುತ್ತದೆ. ಅಲ್ಲಿ ಗಂಡಸರಿಗೆ ಶನಿವಾರ, ಹೆಂಗಸರಿಗೆ ಶುಕ್ರವಾರ. ಕ್ಯಾಟರಿಂಗ್‌ನವರಿಗೆ ಶನಿವಾರ, ಭಾನುವಾರವೇ ಹೆಚ್ಚಿನ ಕೆಲಸ, ಹಾಗಾಗಿ ನಮ್ಮ ಶನಿವಾರವನ್ನು ಮಂಗಳವಾರಕ್ಕೋ ಬುಧವಾರಕ್ಕೋ ಮುಂದೂಡಿಕೊಳ್ಳೋಣ, ದೇವರು ಕೋಪಿಸಿಕೊಳ್ಳಲಾರ. ಕರಾವಳಿಯವರಿಗೆ ತೆಂಗಿನೆಣ್ಣೆ, ಉಳಿದವರಿಗೆ ಎಳ್ಳೆಣ್ಣೆ. ಸ್ವಲ್ಪ ಬಿಸಿ ಮಾಡಿ ನೆತ್ತಿ, ಬೆನ್ನು, ಮೊಣಕಾಲು, ಅಂಗಾಲಿಗೆ ತಿಕ್ಕಿ ಅರ್ಧ ಗಂಟೆ ಬಿಟ್ಟು, ಸೀಗೆಪುಡಿ ಅಥವಾ ಕಡಲೆಹಿಟ್ಟು ಹಾಕಿ ಬಿಸಿನೀರಿನಲ್ಲಿ ಮೀಯುವುದು. ಮಿಂದ ಮೇಲೆ ನಿದ್ದೆ ಎಳೆಯುತ್ತದೆ. ಆದ್ದರಿಂದ ಅಂದು ಗಾಡಿ ಓಡಿಸುವ, ದರ ಮಾತಾಡುವ ಕೆಲಸ ಇಟ್ಟುಕೊಳ್ಳಬೇಡಿ. ಚಾಳಿನ ಮೂರಡಿ ಬಚ್ಚಲಿನಲ್ಲಿ ಎಣ್ಣೆ ಚೆಲ್ಲಿದ ನೆಲ ಜಾರುತ್ತದೆ. ಹಳೆಯ ಗೋಣಿ ಹಾಸಿ. ಜ್ವರವಿದ್ದಾಗ ಬೇಡ.

ನೋವು ನಿವಾರಕ ಮಾತ್ರೆಯ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಮುಹೂರ್ತದ ದಿನ ಖಾಲಿ ಹೊಟ್ಟೆಗೆ ಎರಡು ಮಾತ್ರೆ ನುಂಗಿ ಕೆಲಸಕ್ಕೆ ಇಳಿಯುವ ಭಟ್ಟರು ಬಹಳ. ಬೆವರಿ ನೀರು ಕಡಿಮೆಯಾದ ದೇಹಕ್ಕೆ ಡೈಕ್ಲೋಫಿನ್ಯಾಕ್‌ನಂಥ ಮಾತ್ರೆ ಪದೇ ಪದೇ ಬಿದ್ದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು. ತಿಂಗಳಲ್ಲಿ ನಾಲ್ಕೈದು ಸಲಕ್ಕಿಂತ ಹೆಚ್ಚು ಬೇಕಾಗುತ್ತಿದ್ದರೆ ಡಾಕ್ಟರರಿಗೆ ತೋರಿಸಿ, ಅಂಗಡಿಯವನಿಗಲ್ಲ.

ರಾತ್ರಿಯ ಮೂರು ಸಾಲು

ಮೈ ಮಲಗಿದರೂ ತಲೆ ಮಲಗುವುದಿಲ್ಲ. ಸಾರಿಗೆ ಉಪ್ಪು ಕಡಿಮೆಯಾಯಿತು ಎಂದು ಬೀಗರ ಕಡೆಯವರು ಹೇಳಿದ ಒಂದು ಮಾತು ರಾತ್ರಿಯಿಡೀ ಕಿವಿಯಲ್ಲಿ ತಿರುಗುತ್ತದೆ. ಹೋಳಿಗೆ ಚೆನ್ನಾಗಿತ್ತು ಎಂದ ಇನ್ನೂರು ಜನರ ಮಾತು ನೆನಪಿಗೇ ಬರುವುದಿಲ್ಲ. ಇದಕ್ಕೆ ಒಂದು ಸುಲಭ ಉಪಾಯವಿದೆ. ತಲೆದಿಂಬಿನ ಹತ್ತಿರ ನಲವತ್ತು ಪುಟದ ನೋಟ್ ಪುಸ್ತಕ ಇಟ್ಟುಕೊಳ್ಳಿ. ಮಲಗುವ ಮೊದಲು ಮೂರೇ ಸಾಲು ಬರೆಯಿರಿ. ಇಂದು ತಪ್ಪಿದ್ದು ಏನು, ಸರಿಯಾದದ್ದು ಏನು, ನಾಳೆ ಮೊದಲು ಮಾಡಬೇಕಾದ್ದು ಏನು. ಮುಚ್ಚಿಡಿ. 2018ರಲ್ಲಿ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ 57 ಯುವಜನರಿಗೆ ಮಲಗುವ ಮೊದಲು ಐದು ನಿಮಿಷ ಬರೆಯಲು ಹೇಳಿದ್ದರು. ಮಾಡಿ ಮುಗಿಸಿದ ಕೆಲಸ ಬರೆದವರಿಗಿಂತ ಮುಂದೆ ಮಾಡಬೇಕಾದ ಕೆಲಸದ ಪಟ್ಟಿ ಬರೆದವರಿಗೆ ಬೇಗ ನಿದ್ದೆ ಬಂತು. ನಮಗೆ ಇದು ಹೊಸತಲ್ಲ, ದಿನಸಿ ಪಟ್ಟಿ ಬರೆದು ಮುಗಿಸಿದ ರಾತ್ರಿ ಬರುವ ನಿದ್ದೆ ಯಾರಿಗೆ ಗೊತ್ತಿಲ್ಲ?

ಹಣದ ಮಾತು ಅಂದೇ ರಾತ್ರಿ ಬೇಡ. ಮದುವೆ ಮನೆಯವರೂ ದಣಿದಿರುತ್ತಾರೆ, ನಾವೂ ದಣಿದಿರುತ್ತೇವೆ. ಎಲೆ ಲೆಕ್ಕಕ್ಕೆ ಇಬ್ಬರೂ ಸಹಿ ಹಾಕಿ, ಬಾಕಿ ಮಾತು ಮರುದಿನ ಬೆಳಿಗ್ಗೆ ಹತ್ತರ ಮೇಲೆ. ಹಾಗೆಂದು ಒಪ್ಪಂದದಲ್ಲೇ ಬರೆದುಬಿಟ್ಟರೆ ಜಗಳಗಳು ಅರ್ಧಕ್ಕರ್ಧ ಇಳಿಯುತ್ತವೆ ಎಂಬುದು ನನ್ನ ಅನುಭವ.

ಚಹಾ, ಕಾಫಿಯ ಕೊನೆಯ ಲೋಟ ಸಂಜೆ ನಾಲ್ಕಕ್ಕೇ ನಿಲ್ಲಲಿ. ಕುಡಿದ ಕೆಫೀನಿನ ಅರ್ಧದಷ್ಟು ಐದು ಗಂಟೆಯ ಮೇಲೂ ರಕ್ತದಲ್ಲಿರುತ್ತದೆ. ಅದರ ಜಾಗದಲ್ಲಿ ಕೊತ್ತಂಬರಿ ಜೀರಿಗೆ ಕಷಾಯ. ಕೊತ್ತಂಬರಿ ಬೀಜ ಕಾಲು ಕಿಲೋ, ಜೀರಿಗೆ 100 ಗ್ರಾಂ, ಕಾಳುಮೆಣಸು ಮತ್ತು ಮೆಂತೆ ತಲಾ 25 ಗ್ರಾಂ, ಬೇರೆ ಬೇರೆಯಾಗಿ ಘಮ ಬರುವಷ್ಟು ಹುರಿದು ಪುಡಿ ಮಾಡಿಟ್ಟರೆ ಸೀಸನ್ ಪೂರ್ತಿ ಬರುತ್ತದೆ. ಒಂದು ಲೋಟಕ್ಕೆ ಒಂದು ಚಮಚ ಪುಡಿ, ಚೂರು ಬೆಲ್ಲ, ಬೇಕಿದ್ದರೆ ಹಾಲು.

ದಣಿವಾರಿಸಲು "ಸ್ವಲ್ಪ" ತೆಗೆದುಕೊಳ್ಳುವ ಅಭ್ಯಾಸದ ಬಗ್ಗೆ ನಮ್ಮ ಸಭೆಗಳಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಕುಡಿದರೆ ಕಣ್ಣು ಬೇಗ ಮುಚ್ಚುತ್ತದೆ ನಿಜ. ಆದರೆ ರಾತ್ರಿಯ ಎರಡನೇ ಅರ್ಧದಲ್ಲಿ ನಿದ್ದೆ ಒಡೆದೊಡೆದು ಬರುತ್ತದೆ, ಬೆಳಿಗ್ಗೆ ದಣಿವು ಇಮ್ಮಡಿ. ಅದನ್ನು ತಳ್ಳಲು ಗುಟ್ಕಾ. ಒಳ್ಳೆಯ ಕೈರುಚಿಯಿದ್ದ ಎಷ್ಟೋ ಅಡುಗೆಯವರನ್ನು ನಾವು ಕಳೆದುಕೊಂಡದ್ದು ಈ ದಾರಿಯಲ್ಲೇ. ಮಾಲೀಕರು ರಾತ್ರಿಯ ಕೂಲಿಯ ಜೊತೆ ಬಾಟಲಿಗೆಂದು ಪ್ರತ್ಯೇಕ ಹಣ ಕೊಡುವ ಪದ್ಧತಿ ಕೆಲವು ಕಡೆ ಇದೆ. ಅದನ್ನು ದಯವಿಟ್ಟು ನಿಲ್ಲಿಸಬೇಕು.

ಆಷಾಢದ ಬಿಡುವು

ಪಂಚಾಂಗ ನಮಗೆ ವರ್ಷದಲ್ಲಿ ಮೂರು ಬಿಡುವು ಕೊಟ್ಟಿದೆ. ಆಷಾಢ, ಪಿತೃಪಕ್ಷ, ಧನುರ್ಮಾಸ. ಮರಾಠಿ ಗಿರಾಕಿಗಳನ್ನು ನಂಬಿದವರಿಗೆ ಚಾತುರ್ಮಾಸ್ಯ ಪೂರ್ತಿ ತಣ್ಣಗೆ, ತುಳಸಿ ವಿವಾಹದ ನಂತರವೇ ಮತ್ತೆ ಫೋನ್ ಬಡಿಯುವುದು. ಈ ದಿನಗಳನ್ನು ನಾವು "ಖಾಲಿ ದಿನ" ಎಂದು ಗೊಣಗುತ್ತಾ ಕಳೆಯುತ್ತೇವೆ. ನಾಲ್ಕು ದಿನ ಊರಿಗೆ ಹೋಗುವುದು, ರಕ್ತ ಪರೀಕ್ಷೆ, ಕಣ್ಣಿನ ಪರೀಕ್ಷೆ, ಹಲ್ಲು, ಇವನ್ನೆಲ್ಲ ಆಷಾಢದ ಮೊದಲ ವಾರಕ್ಕೇ ಬುಕಿಂಗ್ ಡೈರಿಯಲ್ಲಿ ಬರೆದಿಡಿ. ಡೈರಿಯಲ್ಲಿ ಬರೆದದ್ದು ಮಾತ್ರ ನಮ್ಮಿಂದ ನಡೆಯುತ್ತದೆ.

ತುಳುನಾಡಿನವರಿಗೆ ಇದು ಆಟಿ ತಿಂಗಳು. ಆಟಿ ಅಮಾವಾಸ್ಯೆಯಂದು, ಅಂದರೆ ಬಯಲುಸೀಮೆಯವರ ಭೀಮನ ಅಮಾವಾಸ್ಯೆ ದಿನ, ಬೆಳಕು ಹರಿಯುವ ಮೊದಲು ಹಾಳೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ಓಮ, ಕಾಳುಮೆಣಸು, ಬೆಳ್ಳುಳ್ಳಿ ಸೇರಿಸಿ ಅರೆದು ಖಾಲಿ ಹೊಟ್ಟೆಗೆ ಕಷಾಯ ಕುಡಿಯುತ್ತಾರೆ. ಮೇಲೆ ಉಷ್ಣ ತಣಿಯಲು ಮೆಂತೆ ಗಂಜಿ. ದಿಲ್ಲಿ, ಪುಣೆಯ ರಸ್ತೆ ಬದಿಗಳಲ್ಲಿ ಸಪ್ತಪರ್ಣಿ ಎಂಬ ಹೆಸರಿನಲ್ಲಿ ನೆಟ್ಟಿರುವುದು ಇದೇ ಮರ. ಹಾಗೆಂದು ಗುರುತು ಗೊತ್ತಿಲ್ಲದವರು ತೊಗಟೆ ಕೆತ್ತಲು ಹೊರಡಬೇಡಿ. ಮರ ತಪ್ಪಿ ಕಾಸರಕದ ತೊಗಟೆ ಬಂದರೆ ಅದು ವಿಷ. ಕಷಾಯ ಸಿಗದಿದ್ದರೆ ಮೆಂತೆ ಗಂಜಿಯನ್ನಷ್ಟೇ ಮಾಡಿ, ಮನೆಮಂದಿಯ ಜೊತೆ ಕೂತು ಉಣ್ಣಿ. ವರ್ಷದಲ್ಲಿ ಎಷ್ಟು ದಿನ ಮನೆಯಲ್ಲಿ ಕೂತು ಉಂಡಿದ್ದೇವೆ ಎಂದು ಎಣಿಸಿದರೆ ನಮಗೇ ನಾಚಿಕೆಯಾಗುತ್ತದೆ.

ಬಿಡುವು ತಾನಾಗಿ ಬಂದರೆ ಹಿತ, ಹೇರಿದರೆ ಹಿಂಸೆ. 2020ರ ಮಾರ್ಚ್ 25ರಂದು ದೇಶವೇ ಮುಚ್ಚಿದಾಗ ನಮ್ಮ ಡೈರಿಯ ಏಪ್ರಿಲ್, ಮೇ ಪುಟಗಳಿಗೆ ಅಡ್ಡಗೆರೆ ಬಿತ್ತು. ಆಮೇಲೆ ಮದುವೆಗೆ 50 ಜನರ ಮಿತಿ. ಆ ದಿನಗಳಲ್ಲಿ ಬೆಳಗಿನ ಮೂರೂವರೆಗೆ ಎಚ್ಚರವಾಗುತ್ತಿತ್ತು, ಮಾಡಲು ಕೆಲಸವಿರುತ್ತಿರಲಿಲ್ಲ. ನಾನು ಗೋಡೌನಿನಿಂದ ಎರಡು ಹಿತ್ತಾಳೆ ಪಾತ್ರೆ ಮನೆಗೆ ತಂದಿದ್ದೆ. ದಿನಾ ಬೆಳಿಗ್ಗೆ ಹುಣಸೆಹುಳಿ ಹಾಕಿ ತಿಕ್ಕುವುದು, ಒರೆಸಿ ಇಡುವುದು. ಮನೆಯವಳು ಮೊದಮೊದಲು ಬೈದಳು, ಆಮೇಲೆ ತಾನೇ ಹುಣಸೆಹಣ್ಣು ನೆನೆಹಾಕಿ ಇಡತೊಡಗಿದಳು. ಕೈಗೆ ಗುರುತಿರುವ ಒಂದು ಕೆಲಸ, ದಿನದ ಗುರುತಿರುವ ಒಂದು ಹೊತ್ತು, ಇಷ್ಟು ಉಳಿದರೆ ಮನಸ್ಸು ಪೂರ್ತಿ ಕುಸಿಯುವುದಿಲ್ಲ ಎಂಬುದು ಆಗ ಗೊತ್ತಾಯಿತು.

ಹಾಗಿದ್ದೂ ಕುಸಿದವರಿದ್ದಾರೆ. ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿಯಿಲ್ಲದೆ, ನಿದ್ದೆ, ಊಟ ಕೆಟ್ಟು, ಬದುಕೇ ಬೇಡವೆನಿಸಿದರೆ ಅದು ಕಾಯಿಲೆ, ಅದಕ್ಕೆ ಮದ್ದಿದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತ. ಕನ್ನಡವೂ ಸೇರಿ 20 ಭಾಷೆಗಳಲ್ಲಿ ಮಾತಾಡಬಹುದು. ಹೊರನಾಡಿನಲ್ಲಿರುವ ನಮ್ಮ ಹುಡುಗರಿಗೆ ಹಿಂದಿಯಲ್ಲಿ ಲೆಕ್ಕ ಹೇಳಲು ಬರುತ್ತದೆ, ಸಂಕಟ ಹೇಳಲು ಬರುವುದಿಲ್ಲ. ಈ ಸಂಖ್ಯೆಯನ್ನು ಅಡುಗೆ ಶೆಡ್‌ನ ಸಾಮಾನು ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿಡಿ.

ಸಟ್ಟುಗ ಕೊಡುವ ಹೊತ್ತು

ನಮ್ಮ ವೃತ್ತಿಯಲ್ಲಿ ಎಲ್ಲಕ್ಕಿಂತ ಕಷ್ಟದ ದಿನ ಎಂದರೆ ಸೌಟು ಇನ್ನೊಬ್ಬರ ಕೈಗೆ ಕೊಡುವ ದಿನ. ಮಗ ಸಾಫ್ಟ್‌ವೇರ್ ಸೇರಿದ್ದಾನೆ, ವ್ಯವಹಾರ ಅಳಿಯನಿಗೆ ಅಥವಾ ಹಳೆಯ ಮೇಸ್ತ್ರಿಗೆ ಹೋಗಬೇಕು. ಅಥವಾ ಯಜಮಾನರು ಹಠಾತ್ತನೆ ತೀರಿಕೊಂಡು ಹದಿಮೂರನೇ ದಿನದ ಊಟ ಮುಗಿಸಿದ ಹೆಣ್ಣುಮಗಳು ಹದಿನಾಲ್ಕನೇ ದಿನ ಬುಕಿಂಗ್ ಡೈರಿ ಬಿಡಿಸಬೇಕು. ಇದಕ್ಕೂ ಒಂದು ಕ್ರಮ ಬೇಕು. ಅದರ ಮಾದರಿ ನಮಗೆ ಉಡುಪಿಯಲ್ಲೇ ಸಿಗುತ್ತದೆ.

ಅಷ್ಟಮಠಗಳ ಪರ್ಯಾಯ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುತ್ತದೆ. ಮೊದಲು ಎರಡು ತಿಂಗಳಿದ್ದ ಅವಧಿಯನ್ನು ಎರಡು ವರ್ಷಕ್ಕೆ ಏರಿಸಿದವರು ಶ್ರೀ ವಾದಿರಾಜ ತೀರ್ಥರು. ಕೃಷ್ಣಮಠದ ಪೂಜೆ ಮತ್ತು ಅನ್ನದಾನದ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವಾಗ ಹಳೆಯ ಸ್ವಾಮಿಗಳು ಹೊಸಬರ ಕೈಗೆ ಕೊಡುವುದು ಅಕ್ಷಯ ಪಾತ್ರೆ ಮತ್ತು ಸಟ್ಟುಗ. 2024ರಲ್ಲಿ ಕೃಷ್ಣಾಪುರ ಮಠದಿಂದ ಪುತ್ತಿಗೆ ಮಠಕ್ಕೆ ಹೋದದ್ದೂ ಹೀಗೆಯೇ. ಪೀಠದ ಅಧಿಕಾರದ ಗುರುತು ಒಂದು ಪಾತ್ರೆ ಮತ್ತು ಒಂದು ಸೌಟು ಎಂಬುದು ನಮ್ಮಂಥವರಿಗೆ ಹೆಮ್ಮೆಯ ವಿಷಯ. ಆದರೆ ನಾನು ಹೇಳಹೊರಟಿದ್ದು ಅದಕ್ಕೆ ಮೊದಲಿನ ಒಂದು ವರ್ಷದ ಬಗ್ಗೆ. ಪರ್ಯಾಯಕ್ಕೆ ಸುಮಾರು ಒಂದು ವರ್ಷ ಇರುವಾಗಲೇ ಬಾಳೆ ಮುಹೂರ್ತ, ಅಂದರೆ ಬಾಳೆಗಿಡ ನೆಡುವುದು. ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಕೊನೆಗೆ ಭತ್ತ ಮುಹೂರ್ತ. ಕಟ್ಟಿಗೆಯನ್ನು ರಥದ ಆಕಾರದಲ್ಲಿ ಒಟ್ಟುವುದನ್ನು ನೋಡಿದವರಿಗೆ ಗೊತ್ತು. ಸಟ್ಟುಗ ಕೈ ಬದಲಾಗುವುದು ಒಂದು ಬೆಳಗಿನ ಜಾವದಲ್ಲಿ, ಅದಕ್ಕೆ ಎರಡೂ ಕಡೆಯ ಮನಸ್ಸು ಸಿದ್ಧವಾಗುವುದು ಒಂದು ವರ್ಷದಲ್ಲಿ.

ನಾವು ಮಾಡುವುದೇನು? ಡಾಕ್ಟರ್ ಹೆದರಿಸಿದ ಮರುದಿನ ಕೀಲಿಕೈ ಎಸೆಯುತ್ತೇವೆ, ಮೂರನೇ ದಿನ ಪುನಃ ಹೋಗಿ ಹುಳಿಯ ಪಾತ್ರೆಗೆ ಕೈ ಹಾಕುತ್ತೇವೆ. ಒಂದು ವರ್ಷ ಇಟ್ಟುಕೊಳ್ಳಿ. ಮೊದಲ ಮೂರು ತಿಂಗಳು, ಬಿಟ್ಟುಕೊಡುತ್ತೇನೆ ಎಂದು ಎಲ್ಲರಿಗೂ ಬಾಯಿಬಿಟ್ಟು ಹೇಳುವುದಷ್ಟೇ. ಹೇಳಿದ ಮೇಲೆ ಮನಸ್ಸು ಒಳಗೆ ತಾನೇ ಕೆಲಸ ಮಾಡುತ್ತದೆ. ಆಮೇಲೆ ದಿನಸಿ ವ್ಯಾಪಾರಿ, ತರಕಾರಿ ದಲಾಲ, ಎಲೆಯವನು, ಇವರಿಗೆಲ್ಲ ಹೊಸಬರನ್ನು ಕರೆದೊಯ್ದು ಪರಿಚಯಿಸಿ ಬಾಕಿ ಲೆಕ್ಕ ಚುಕ್ತಾ ಮಾಡುವುದು. ಗ್ಯಾಸ್ ಏಜೆನ್ಸಿ, ಎಫ್.ಎಸ್.ಎಸ್.ಎ.ಐ. ಲೈಸೆನ್ಸಿನ ಕಾಗದ ಒಂದು ಫೈಲಿನಲ್ಲಿ. ಕೊನೆಗೆ ನಮ್ಮ ತಲೆಯಲ್ಲಷ್ಟೇ ಇರುವ ಅಳತೆಗಳು. ಐನೂರು ಜನರ ಬಿಸಿಬೇಳೆಭಾತಿಗೆ ಎಷ್ಟು ಬೇಳೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದು ಕೊಡಿ. ಬರೆಯುವಾಗ ಅಳು ಬಂದರೆ ಬರಲಿ. ಆ ದಿನ ಬಂದಾಗ ತಂಡದ ಎಲ್ಲರ ಎದುರು, ಹಳೆಯ ಸೌಟಿಗೆ ಕುಂಕುಮ ಹಚ್ಚಿ, ಹೊಸಬರ ಕೈಗೆ ಕೊಡಿ. ಮೊದಲ ಪಂಕ್ತಿಯಲ್ಲಿ ನೀವು ಕೂತು ಉಣ್ಣಿ, ಅವರು ಬಡಿಸಲಿ. ಪರ್ಯಾಯ ಮುಗಿಸಿದ ಸ್ವಾಮಿಗಳು ತಮ್ಮ ಮಠಕ್ಕೆ ಮರಳುತ್ತಾರೆ, ಸರದಿ ಮತ್ತೆ ಬರಲು ಹದಿನಾಲ್ಕು ವರ್ಷ. ಆ ನಡುವೆ ಇನ್ನೊಬ್ಬರ ಅಡುಗೆಮನೆಯಲ್ಲಿ ಕೈ ಆಡಿಸುವ ಪದ್ಧತಿ ಇಲ್ಲ.

ವಹಿಸಿಕೊಂಡವರಿಗೂ ಒಂದು ಮಾತು. ಹಿರಿಯರಿಗೆ ಮೂರೂವರೆಗೆ ಎಚ್ಚರವಾಗುವುದು ನಿಲ್ಲುವುದಿಲ್ಲ. ಅವರಿಗೆ ಒಂದು ಕೆಲಸ ಉಳಿಸಿಕೊಡಿ, ಗೌರವಕ್ಕೆಂದು ಕೊಡುವ ಸುಳ್ಳು ಕೆಲಸವಲ್ಲ, ಅವರಿಲ್ಲದೆ ಆಗದಂಥದ್ದು. ಗಂಡನನ್ನು ಕಳೆದುಕೊಂಡು ಹೊಣೆ ಹೊತ್ತ ಹೆಣ್ಣುಮಗಳಿಗೆ ಮೊದಲ ಆರು ತಿಂಗಳು ದೊಡ್ಡ ಆರ್ಡರ್ ಬೇಡ. ಅಕ್ಕಪಕ್ಕದ ಸದಸ್ಯರು ನಾಮಕರಣ, ಸೀಮಂತದಂಥ ನೂರು ಎಲೆಯ ಕೆಲಸಗಳನ್ನು ಅವರ ಕಡೆ ತಿರುಗಿಸಲಿ, ಪಾತ್ರೆ ಸಾಲದಿದ್ದರೆ ಬಾಡಿಗೆಯಿಲ್ಲದೆ ಕೊಡಲಿ. ರಾತ್ರಿ ಕೆಲಸ ಮುಗಿದ ಮೇಲೆ ಮನೆಯವರೆಗೆ ಬಿಡಲು ನಂಬಿಕೆಯ ಒಬ್ಬ ಚಾಲಕನನ್ನು ಗೊತ್ತು ಮಾಡಿಕೊಡಲಿ.

ನಮ್ಮಲ್ಲಿ ಮೂವತ್ತು ವರ್ಷ ಮುಖ್ಯ ಭಟ್ಟರಾಗಿದ್ದವರು ಎರಡು ವರ್ಷದ ಹಿಂದೆ ಸೌಟು ಕೊಟ್ಟರು. ತಿಂಗಳಿಗೆ ಎರಡು ಸಲ ಈಗಲೂ ಬರುತ್ತಾರೆ, ಸಾರಿನ ಪುಡಿಯ ಮಸಾಲೆ ಹುರಿಯಲು. ಮೊದಲು ನಿಂತೇ ಹುರಿಯುತ್ತೇನೆಂದು ಹಠ ಹಿಡಿದಿದ್ದರು. ಈಗ ಒಲೆಯ ಪಕ್ಕ ಎತ್ತರದ ಸ್ಟೂಲ್ ಹಾಕಿಸಿಕೊಂಡಿದ್ದಾರೆ. ಹುರಿದು ಮುಗಿದ ಮೇಲೆ ಬರ್ನರಿನ ಉರಿ ಆರಿಸಿ, ಒಲೆ ಮುಟ್ಟಿ ಕಣ್ಣಿಗೊತ್ತಿಕೊಂಡು, "ಗಂಜಿ ಆಯ್ತೇನೋ?" ಎಂದು ಹುಡುಗರನ್ನು ಕೇಳುತ್ತಾರೆ.